ಜೋಲುಬಿದ್ದ ಪಾದ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂದೊಡನೆ ಪಟ್ಟಣಿಗರಾದ ನಮಗೆ ನೆನಪಾಗುವುದು ರೇಷ್ಮೆಯ ಗೂಡು, ಬಣ್ಣದ ಗೊಂಬೆ, ಹೆಬ್ಬಂಡೆಗಳು, ಕೆಂಪೇಗೌಡರ ಕೋಟೆ. ಆ ಸೀಮೆಯ ರಾಗಿಯ ಹೊಲಗಳಲ್ಲಿ ಹೆಂಗಸರು ಸಾಲಾಗಿ ಕುಕ್ಕರಗಾಲಿನಲ್ಲಿ ಕುಳಿತು, ಕಳೆ ಕೀಳುತ್ತ, ಗಂಟೆಗಟ್ಟಲೆ ಮುಂದುಮುಂದಕ್ಕೆ ಸರಿಯುವುದನ್ನೂ ಬಸ್ಸಿನ ಕಿಟಕಿಯಿಂದ ನೀವು ಕಂಡಿರಬಹುದು. ಇಂದಿನ ನನ್ನ ವಿಷಯ ಆ ಭಂಗಿಯಿಂದಲೇ ಆರಂಭವಾಗುತ್ತದೆ.

ನಿಮ್ಮ ಮೊಣಕಾಲಿನ ಹೊರಮಗ್ಗುಲಲ್ಲಿ ಬೆರಳಿಟ್ಟು ಸ್ವಲ್ಪ ಕೆಳಕ್ಕೆ ಸರಿಸಿ ನೋಡಿರಿ. ಗುಂಡಾದ ಎಲುಬಿನ ತಲೆಯೊಂದು ಕೈಗೆ ಸಿಗುತ್ತದೆ. ಆ ಎಲುಬಿನ ಕುತ್ತಿಗೆಯನ್ನು ಬಳಸಿಕೊಂಡು, ಮಾಂಸದ ಆಸರೆಯಿಲ್ಲದೆ, ಚರ್ಮದ ಕೆಳಗೇ ಒಂದು ನರವು ಮುಂದಕ್ಕೆ ಹಾಯುತ್ತದೆ. ಪಾದವನ್ನು ಮೇಲಕ್ಕೆತ್ತುವ ಮಾಂಸಖಂಡಗಳಿಗೆಲ್ಲ ಅಪ್ಪಣೆ ಹೋಗುವುದು ಇದರ ಮೂಲಕ. ಕಾಲಿನ ನರಗಳಲ್ಲೆಲ್ಲ ಹೆಚ್ಚಾಗಿ ಪೆಟ್ಟು ತಿನ್ನುವುದೂ ಇದೇ.

ಬಹುಹೊತ್ತು ಕುಕ್ಕರಗಾಲಿನಲ್ಲಿ ಕುಳಿತಾಗ ಈ ನರ ಅಮುಕಿಹೋಗುತ್ತದೆ. ಸಂಜೆ ಎದ್ದು ನಿಂತಾಗ ಪಾದ ಏಳದು. ಹೆಜ್ಜೆ ಎತ್ತಿದರೆ ಕಾಲ್ಬೆರಳು ನೆಲವನ್ನು ಗೀಚುತ್ತದೆ. ಎಡವಬಾರದೆಂದು ಮೊಣಕಾಲನ್ನು ಕುದುರೆಯಂತೆ ಎತ್ತೆತ್ತಿ ಇಡಬೇಕಾಗುತ್ತದೆ. ಇಟ್ಟ ಪಾದ ಪಟ್ಟೆಂದು ನೆಲಕ್ಕೆ ಬಡಿಯುತ್ತದೆ. ಹಿಮ್ಮಡಿಯ ಮೇಲೆ ನಡೆಯಲಾಗದು. ಪಾದದ ಮೇಲ್ಭಾಗ ಜೋಮು ಹಿಡಿದಂತಿರುತ್ತದೆ. ನೋವು ಮಾತ್ರ ಅನೇಕರಿಗೆ ಇರುವುದೇ ಇಲ್ಲ. ಪಶ್ಚಿಮ ದೇಶಗಳ ವೈದ್ಯರು ಸ್ಟ್ರಾಬೆರಿ ಹಣ್ಣು ಬಿಡಿಸುವ ಕೂಲಿಗಳಲ್ಲಿ ಇದನ್ನೇ ಕಂಡು, ಆ ಹಣ್ಣಿನ ಹೆಸರನ್ನೇ ರೋಗಕ್ಕಿಟ್ಟರು. ಕುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ದಿನವೆಲ್ಲ ಕೂರುವ ನಮಗೂ ಇದು ಬರಬಹುದು. ಉಪವಾಸದಿಂದಲೋ ಕಾಯಿಲೆಯಿಂದಲೋ ಮೈ ಇಳಿದವರಲ್ಲಿ ಇನ್ನೂ ಸುಲಭ.

ಮನೆಯವರು ಲಕ್ವ ಹೊಡೆಯಿತೆಂದು ಹೆದರುತ್ತಾರೆ. ಕೆಲವರು ಬರೆ ಹಾಕಿಸುತ್ತಾರೆ. ಸ್ಪರ್ಶವಿಲ್ಲದ ಚರ್ಮಕ್ಕೆ ಕಾದ ಕಬ್ಬಿಣವೆಂದರೆ ಎಂತಹ ಹುಣ್ಣಾದೀತೆಂಬುದನ್ನು ನಾನು ವರ್ಣಿಸಬೇಕಾಗಿಲ್ಲ. ಲಕ್ವದಲ್ಲಿ ಸಾಮಾನ್ಯವಾಗಿ ಅದೇ ಬದಿಯ ಕೈಯಲ್ಲಿಯೋ ಮುಖದಲ್ಲಿಯೋ ದೋಷ ಕಾಣುತ್ತದೆ. ದೋಷ ಸೊಂಟದ ನರಮೂಲದಲ್ಲಿದೆಯೋ ಮೊಣಕಾಲ ಬಳಿ ಇದೆಯೋ ಎಂದು ತಿಳಿಯಲು ವೈದ್ಯರು ಪಾದವನ್ನು ಒಳಮುಖವಾಗಿ ತಿರುಗಿಸಲು ಹೇಳುತ್ತಾರೆ: ಆ ಬಲ ಉಳಿದಿದ್ದರೆ ಪೆಟ್ಟು ಮೊಣಕಾಲ ಬಳಿ; ಅದೂ ಕುಂದಿ ಬೆನ್ನುನೋವೂ ಇದ್ದರೆ ಸೊಂಟದ ಮೇಲೆ ಸಂಶಯ. ಮೆಟ್ಟಲೇರುವಾಗ ಮೊಣಕಾಲು ಕುಸಿದರೆ ತೊಡೆಯ ಮುಂಭಾಗದ ನರವನ್ನು ನೋಡಬೇಕು. ಸೊಂಟಪಟ್ಟಿ ಬಿಗಿಯಾಗಿ ತೊಡೆಯ ಹೊರಬದಿ ಉರಿಯುವುದಂತೂ ಅಲ್ಪದ ಮಾತು. ಪಟ್ಟಿ ಸಡಿಲಿಸಿದರೆ ಸಾಕು.

ಇನ್ನೊಂದು ಕಾರಣವನ್ನು ಹೇಳಲು ನಾವು ಸಂಕೋಚಪಡುತ್ತೇವೆ. ಬೆಂಗಳೂರಿನಿಂದ ಮಾಗಡಿಗೆ ಹೋಗುವ ರಸ್ತೆಯಲ್ಲಿ, ಕುಷ್ಠರೋಗಿಗಳ ಪುನರ್ವಸತಿಗಾಗಿ ಹುಟ್ಟಿದ ಸುಮನಹಳ್ಳಿಯನ್ನು ದಾಟುತ್ತೇವೆ. ರಾಷ್ಟ್ರಮಟ್ಟದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆಯಾಯಿತೆಂದು 2005ರಲ್ಲಿ ಸಾರಿದರೂ ರೋಗ ಅಳಿದಿಲ್ಲ. ಅದು ಚರ್ಮದ ರೋಗವಾಗಿರುವಷ್ಟೇ ನರದ ರೋಗ. ನಾನು ಹೇಳಿದ ಆ ಎಲುಬಿನ ಕುತ್ತಿಗೆಯಲ್ಲಿ ನರವು ಹಗ್ಗದಂತೆ ದಪ್ಪವಾಗಿ ಕೈಗೆ ಹತ್ತುತ್ತದೆ, ಪಾದ ಜೋಲುತ್ತದೆ. ಒಳಗಣ್ಣಿನ ಹಿಂದೆ ಇಳಿಯುವ ನರ ಕೆಟ್ಟರೆ ಅಂಗಾಲು ಸ್ಪರ್ಶಗೇಡಿಯಾಗುತ್ತದೆ. ಅದರ ಲಕ್ಷಣ ವಿಚಿತ್ರವಾದುದು: ನಡೆಯುತ್ತಿರುವಾಗಲೇ ಚಪ್ಪಲಿ ಕಳಚಿಹೋಗುತ್ತದೆ, ಹೋದದ್ದು ತಿಳಿಯುವುದಿಲ್ಲ. ಮುಳ್ಳು ತಿಳಿಯದು, ಕಾದ ಟಾರು ತಿಳಿಯದು. ಹುಣ್ಣಾದ ಮೇಲೂ ಅದೇ ಕಾಲಿನಲ್ಲಿ ನಡೆಯುತ್ತಾರೆ. ಸಿಹಿಮೂತ್ರ ರೋಗವಿರುವ ಪಟ್ಟಣಿಗರಲ್ಲಿಯೂ ಇದೇ ನಡೆಯುತ್ತದೆ. ಕುಷ್ಠಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ನರದ ಬಲ ಕುಂದಿ ಆರು ತಿಂಗಳು ಮೀರಿರದಿದ್ದರೆ ಅದು ಮರಳುವ ಸಂಭವವೂ ಉಂಟು. ಮೀರಿದ್ದರೆ, ಬಲವುಳಿದ ಬೇರೊಂದು ಸ್ನಾಯುವಿನ ಕಂಡರವನ್ನು ಪಾದದ ಮುಂಭಾಗಕ್ಕೆ ತಂದು ಹೊಲಿದು ಪಾದವನ್ನು ಎತ್ತಿಸುವ ಶಸ್ತ್ರಚಿಕಿತ್ಸೆಯುಂಟು.

ತಾಯಂದಿರಿಗೆ ಒಂದು ಮಾತು. ಪುಷ್ಠದ ನಡುವೆ ಕಾಲಿನ ಮಹಾನರ ಇಳಿಯುತ್ತದೆ. ಅಲ್ಲಿ ಸೂಜಿ ತಪ್ಪಿದರೆ, ಮಗು ಒಡನೆಯೇ ಕಾಲಿನುದ್ದಕ್ಕೂ ಸಿಡಿಲು ಹೊಡೆದಂತೆ ಚೀರುತ್ತದೆ, ಆಮೇಲೆ ಕಾಲೆಳೆಯುತ್ತದೆ. ಎಳೆಯ ಮಕ್ಕಳಿಗೆ ತೊಡೆಯ ಹೊರಬದಿಯಲ್ಲಿ ಚುಚ್ಚಿರೆಂದು ಕೇಳಲು ನಿಮಗೆ ಅಧಿಕಾರವುಂಟು.

ನರ ಮತ್ತೆ ಬೆಳೆಯುತ್ತದೆಯೇ ಎಂದು ನೀವು ಕೇಳಬಹುದು. ಹೊರಕವಚ ಮಾತ್ರ ನಲುಗಿದ್ದರೆ ಕೆಲವು ವಾರಗಳಲ್ಲಿ ಪಾದ ತಾನಾಗಿ ಏಳುತ್ತದೆ. ಕಳೆ ಕೀಳುವವರಲ್ಲಿ ಬಹುಮಂದಿಯ ಕಥೆ ಇದೇ. ಒಳಗಿನ ತಂತು ಕಡಿದಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯಬೇಕು. ಮೊಣಕಾಲ ಬಳಿ ಕಡಿದರೆ ಕೆಲವು ತಿಂಗಳ ದಾರಿ. ದೊಡ್ಡವರಲ್ಲಿ ಪುಷ್ಠದಿಂದ ಅರ್ಧ ಮೀಟರು ಬರಬೇಕಾದರೆ ಒಂದೂವರೆ ವರ್ಷಕ್ಕೆ ಸಮೀಪ. ಅಷ್ಟರಲ್ಲಿ ಕಾಯುತ್ತಿದ್ದ ಮಾಂಸಖಂಡ ಸೊರಗಿಹೋಗಿರುತ್ತದೆ. ಆದ್ದರಿಂದಲೇ ಪಾದವನ್ನು ಪಟ್ಟಿಯಿಂದ ಎತ್ತಿ ಕಟ್ಟುವುದೂ, ಕೀಲು ಬಿಗಿಯದಂತೆ ದಿನವೂ ಆಡಿಸುವುದೂ.

ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಫ್ರಾನ್ಸಿನ ಟಿನೆಲ್ ಎಂಬ ವೈದ್ಯನು ಗಾಯಗೊಂಡ ನರದ ದಾರಿಯಲ್ಲಿ ಬೆರಳಿನಿಂದ ತಟ್ಟಿ ನೋಡುವ ಕ್ರಮವನ್ನು ವಿವರಿಸಿದನು. ತಂತುಗಳು ಬೆಳೆದು ಮುಟ್ಟಿರುವ ಎಡೆಯಲ್ಲಿ ತಟ್ಟಿದರೆ ಪಾದದಲ್ಲಿ ಜುಮ್ಮೆನ್ನುತ್ತದೆ. ಆ ಎಡೆಗೆ ಮಸಿಯಲ್ಲಿ ಗುರುತಿಟ್ಟು ತಿಂಗಳು ಬಿಟ್ಟು ಮತ್ತೆ ತಟ್ಟುತ್ತಾರೆ. ಜುಮ್ಮೆನ್ನುವ ಎಡೆ ಒಂದಂಗುಲ ಕೆಳಗೆ ಸರಿದಿದ್ದರೆ ನರ ದಾರಿಯಲ್ಲಿದೆ.