ನಾಲಿಗೆಯ ರುಚಿಯೂ ಸತುವೂ
(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಆದರೆ ಆ ಉಪ್ಪಿನ ರುಚಿಯೇ ತಿಳಿಯದಂತಾದರೆ? ಮನೆಯ ಹಿರಿಯರು ಊಟಕ್ಕೆ ಕುಳಿತು, ‘ಸಾರು ಬರೀ ಸಪ್ಪೆ’ ಎಂದು ಸೊಸೆಯನ್ನು ಗದರುತ್ತಾರೆ. ಉಳಿದವರಿಗೆ ಅದೇ ಸಾರು ಸರಿಯಾಗಿರುತ್ತದೆ. ಹಿರಿಯರು ಮತ್ತಷ್ಟು ಉಪ್ಪು ಹಾಕಿಸಿಕೊಳ್ಳುತ್ತಾರೆ, ಇಲ್ಲವೆ ಅರ್ಧ ಊಟಕ್ಕೇ ಏಳುತ್ತಾರೆ. ಉಪ್ಪು ಹೆಚ್ಚಾದರೆ ರಕ್ತದ ಒತ್ತಡ ಏರುತ್ತದೆ. ಊಟ ಕಡಮೆಯಾದರೆ ಮೈಯ ಕಸುವು ಇಳಿಯುತ್ತದೆ. ಇಲ್ಲಿ ತಪ್ಪು ಅಡಿಗೆಯದಲ್ಲ, ನಾಲಿಗೆಯದು.

ರುಚಿ ಕೆಡಲು ಒಂದು ಕಾರಣ ಸತುವಿನ ಕೊರತೆ. ಗೊಬ್ಬರದ ಅಂಗಡಿಯಲ್ಲಿ ಜಿಂಕ್ ಎನ್ನುವುದು ಇದನ್ನೇ. ನಾಟಿಯಾದ ಕೆಲವು ವಾರಗಳಲ್ಲಿ ಬತ್ತದ ಎಲೆಗೆ ತುಕ್ಕಿನ ಬಣ್ಣದ ಚುಕ್ಕೆ ಬಂದು ಪೈರು ಗಿಡ್ಡಾಗುವುದನ್ನು ನೀವು ಕಂಡಿರಬಹುದು. ಅದು ಸತು ಸಾಲದೆ ಬರುವ ರೋಗವೆಂದು ಪಂತನಗರದ ಡಾ. ನೆನೆ ಅವರು 1966ರಲ್ಲಿ ತಿಳಿಸಿದರು.

ಪೈರಿನಂತೆ ಮನುಷ್ಯನೂ ಗಿಡ್ಡಾಗುತ್ತಾನೆ. ಬಿಹಾರದಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್ ಅವರು ಇರಾನಿನ ಶಿರಾಜ್ ನಗರದಲ್ಲಿ, ವಯಸ್ಸಿಗೆ ತಕ್ಕಂತೆ ಬೆಳೆಯದ ಹಳ್ಳಿಯ ಯುವಕರನ್ನು ಪರೀಕ್ಷಿಸಿ 1961ರಲ್ಲಿ ವರದಿ ಮಾಡಿದರು. ಅವರ ಊಟ ಹೆಚ್ಚಾಗಿ ಹುದುಗು ಹಾಕದ ಗೋಧಿ ರೊಟ್ಟಿ. ಧಾನ್ಯದ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ವಸ್ತು ಸತುವನ್ನು ಮೈಗೆ ಹತ್ತದಂತೆ ಹಿಡಿದಿಡುತ್ತದೆ.

ನಾಲಿಗೆಯ ರುಚಿಕಣಗಳು ಸುಮಾರು ಹತ್ತು ದಿನಗಳಿಗೊಮ್ಮೆ ಹೊಸದಾಗುತ್ತಿರುತ್ತವೆ. ಈ ಕೆಲಸಕ್ಕೆ ಸತು ಬೇಕು.

ಹಾಗೆಂದು ರುಚಿ ಹೋದವರೆಲ್ಲ ಸತುವಿನ ಮಾತ್ರೆ ನುಂಗಬೇಕೆ? ಬೇಡ. ನೆಗಡಿ, ಹುಳುಕು ಹಲ್ಲು, ಹೊಗೆಸೊಪ್ಪು, ಸಕ್ಕರೆ ಕಾಯಿಲೆ, ಕೆಲವು ಔಷಧಿಗಳು, ಇವೂ ರುಚಿ ಕೆಡಿಸುತ್ತವೆ. 2020ರ ಕೋವಿಡ್ ಜ್ವರದಲ್ಲಿ ಎಷ್ಟೋ ಜನ ರುಚಿ ವಾಸನೆ ಎರಡನ್ನೂ ಕಳೆದುಕೊಂಡರು. ಅಮೆರಿಕದ ಡಾ. ಹೆನ್ಕಿನ್ ಅವರು ರುಚಿ ಕೆಟ್ಟ ರೋಗಿಗಳಲ್ಲಿ ಕೆಲವರಿಗೆ ಸತುವನ್ನೂ ಕೆಲವರಿಗೆ ಬರಿಯ ಹುಸಿಮಾತ್ರೆಯನ್ನೂ ಕೊಟ್ಟು ನೋಡಿದರು. 1976ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಸತು ಕೊರತೆಯಿದ್ದವರಿಗೆ ಸತು ಔಷಧಿ. ಉಳಿದವರ ಕಾರಣವನ್ನು ಬೇರೆ ಕಡೆ ಹುಡುಕಬೇಕು. ರುಚಿ ಎರಡು ವಾರವಾದರೂ ಮರಳದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ವೈದ್ಯರಿಗೆ ತೋರಿಸಿ; ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ.

ಊಟದಲ್ಲಿ ಮಾಡಬಹುದಾದುದು ಬಹಳವಿದೆ. ದಿನಕ್ಕೆ ಗಂಡಸಿಗೆ 17 ಮಿಲಿಗ್ರಾಂ, ಹೆಂಗಸಿಗೆ 13.2 ಮಿಲಿಗ್ರಾಂ ಸತು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಮಾಂಸ, ಮೀನು, ಮೊಟ್ಟೆ ತಿನ್ನುವವರಿಗೆ ಅವುಗಳಿಂದ ಸಿಗುತ್ತದೆ. ತಿನ್ನದವರು ಹಾಲು, ಬೇಳೆಕಾಳು, ಎಳ್ಳು, ಕಡಲೆಕಾಯಿ, ಸಿಹಿಗುಂಬಳದ ಬೀಜ ಬಳಸಲಿ. ಹುರುಳಿ, ಹೆಸರುಕಾಳನ್ನು ನೆನೆಸಿ ಮೊಳಕೆ ಕಟ್ಟಿ. ರಾಗಿಯನ್ನೂ ಮೊಳಕೆ ಬರಿಸಿ ಹಿಟ್ಟು ಮಾಡಿ. ಮೊಳಕೆಯಿಂದಲೂ ಹುಳಿ ಬರಿಸುವುದರಿಂದಲೂ ಫೈಟೇಟ್ ಕಡಮೆಯಾಗುತ್ತದೆ. ನಮ್ಮ ಅಜ್ಜಿಯರ ಹುಳಿ ಅಂಬಲಿ, ಇಡ್ಲಿ, ದೋಸೆಗಳ ಹಿಂದೆ ಈ ಗುಣವೂ ಇದೆ.

ಎರಡು ಎಚ್ಚರಿಕೆಗಳು. ಹೊಲಕ್ಕೆ ತಂದ ಜಿಂಕ್ ಸಲ್ಫೇಟ್ ಔಷಧಿಯಲ್ಲ. ಒಂದು ಚಿಟಿಕೆಯನ್ನೂ ಬಾಯಿಗೆ ಹಾಕಬಾರದು, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಸತುವಿನ ಮಾತ್ರೆಯನ್ನೂ ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಬೇಕು. ತಿಂಗಳುಗಟ್ಟಲೆ ಹೆಚ್ಚು ನುಂಗಿದರೆ ಮೈಯಲ್ಲಿ ತಾಮ್ರದ ಅಂಶ ಇಳಿದು ರಕ್ತಹೀನತೆ, ನರದೌರ್ಬಲ್ಯ ಬರುತ್ತವೆ.

ಇನ್ನು ಮುಂದೆ ಹಿರಿಯರು ಸಾರು ಸಪ್ಪೆಯೆಂದರೆ ಉಪ್ಪಿನ ಮರಿಗೆಗೆ ಕೈ ಹಾಕಬೇಡಿ. ಎಷ್ಟು ದಿನದಿಂದ ಹೀಗೆ ಎಂದು ಮೊದಲು ಕೇಳಿ.