ಗೋಡೆಯ ಮೇಲಿನ ಮುಖಗಳು, ಹಿತ್ತಾಳೆಯ ಮೇಲಿನ ಹೆಸರುಗಳು

(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ನಾನು ಮೂವತ್ತು ವರ್ಷ ನವಲಗುಂದ, ಅಣ್ಣಿಗೇರಿ ಸುತ್ತಿನ ಹಳ್ಳಿಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿದವನು. ಆ ಶಾಲೆಗಳ ಪ್ರಯೋಗಾಲಯ ನಿಮಗೂ ಗೊತ್ತು. ಒಂದು ಕೋಣೆ, ಎರಡು ಕಪಾಟು, ಬೀಗದ ಕೈ ಗುಮಾಸ್ತರ ಹತ್ತಿರ. ಗೋಡೆಯ ಮೇಲೆ ಸಾಲಾಗಿ ವಿಜ್ಞಾನಿಗಳ ಚಿತ್ರಗಳು: ಗೆಲಿಲಿಯೋ, ನ್ಯೂಟನ್, ಆರ್ಯಭಟ, ರಾಮನ್. ಒಂದು ಸಲ ನಾನು ಅಲ್ ಖ್ವಾರಿಜ್ಮಿಯ ಚಿತ್ರವನ್ನೂ ತಂದು ಅದೇ ಸಾಲಿನಲ್ಲಿ ಹಚ್ಚಿದೆ. ಎಂಟನೆಯ ತರಗತಿಯ ಒಬ್ಬ ಹುಡುಗಿ ಬಹಳ ಹೊತ್ತು ನೋಡಿ, "ಸರ್, ಇವರನ್ನ ಎದುರಿಗೆ ಕೂಡ್ರಿಸಿಕೊಂಡು ಯಾರರ ಬರೆದಾರೇನ್ರಿ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಇಂದಿನ ನನ್ನ ಮಾತೆಲ್ಲ ಆ ಪ್ರಶ್ನೆಯಿಂದ ಹುಟ್ಟಿದ್ದು.

ಗೆಲಿಲಿಯೋ ನಿಜವಾಗಿ ಚಿತ್ರಗಾರನ ಎದುರು ಕುಳಿತಿದ್ದ. ಸುಸ್ಟರ್‌ಮನ್ಸ್ ಎಂಬ ಚಿತ್ರಗಾರ 1636ರಲ್ಲಿ ಅವನನ್ನು ಬರೆದ. ನ್ಯೂಟನ್‌ನನ್ನು 1689ರಲ್ಲಿ ನೆಲ್ಲರ್ ಬರೆದ. ರಾಮನ್ ಅವರ ಕಾಲಕ್ಕೆ ಕ್ಯಾಮರಾ ಬಂದಿತ್ತು. ಆದರೆ ಆರ್ಯಭಟನ ಮುಖ ಬರೀ ಕಲ್ಪನೆ. ಅಲ್ ಖ್ವಾರಿಜ್ಮಿಯದೂ ಅಷ್ಟೇ. ಅವರು ಒಂಬತ್ತನೆಯ ಶತಮಾನದವರು. ಇಂದು ಎಲ್ಲೆಡೆ ಕಾಣುವ ಅವರ ಮುಖ 1983ರಲ್ಲಿ ಸೋವಿಯತ್ ಒಕ್ಕೂಟ ಹೊರಡಿಸಿದ ಅಂಚೆಚೀಟಿಯದು. ನಡುವೆ ಹನ್ನೊಂದು ನೂರು ವರ್ಷಗಳ ಅಂತರ! ಬೆಳಕಿನ ಶಾಸ್ತ್ರ ಬರೆದ ಇಬ್ನ್ ಅಲ್ ಹೈಥಮ್ ಅವರ ಮುಖ 2003ರಲ್ಲಿ ಹೊರಬಂದ ಇರಾಕಿನ ಹತ್ತು ಸಾವಿರ ದಿನಾರ್ ನೋಟಿನ ಮೇಲಿದೆ. ಅದೂ ಊಹೆಯ ಮುಖವೇ.

ಹಾಗೆಂದು ಚಿತ್ರಗಳನ್ನು ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಊಹೆಯ ಚಿತ್ರಕ್ಕೂ ಒಂದು ಇತಿಹಾಸವಿರುತ್ತದೆ. 1647ರಲ್ಲಿ ಹೆವೆಲಿಯಸ್ ಎಂಬ ಖಗೋಳಜ್ಞ ಚಂದ್ರನ ನಕ್ಷೆಗಳ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದ. ಅದರ ಮೊದಲ ಪುಟದ ಚಿತ್ರದಲ್ಲಿ ಇಬ್ಬರು ನಿಂತಿದ್ದಾರೆ. ಒಂದು ಕಡೆ ದುರ್ಬೀನು ಹಿಡಿದ ಗೆಲಿಲಿಯೋ, ಇನ್ನೊಂದು ಕಡೆ ರೇಖಾಗಣಿತದ ಆಕೃತಿ ಹಿಡಿದ ಇಬ್ನ್ ಅಲ್ ಹೈಥಮ್. ಒಬ್ಬರು ಕಣ್ಣಿನ ಪ್ರತಿನಿಧಿ, ಇನ್ನೊಬ್ಬರು ಬುದ್ಧಿಯ ಪ್ರತಿನಿಧಿ. ಇಬ್ನ್ ಅಲ್ ಹೈಥಮ್ ತೀರಿಕೊಂಡು ಆರುನೂರು ವರ್ಷಗಳಾಗಿದ್ದವು. ಅವರು ಹೇಗಿದ್ದರೆಂದು ಹೆವೆಲಿಯಸ್‌ಗೆ ತಿಳಿಯುವ ದಾರಿಯೇ ಇರಲಿಲ್ಲ. ಆದರೂ ತನ್ನ ಗ್ರಂಥದ ಬಾಗಿಲಲ್ಲಿ ಅವರನ್ನು ನಿಲ್ಲಿಸಿದ. ಈ ಒಂದು ಚಿತ್ರ ನನಗೆ ಎಷ್ಟೋ ಭಾಷಣಗಳಿಗಿಂತ ಹೆಚ್ಚು ಹಿಡಿಸಿದೆ.

ಈಗ ಗೋಡೆ ಬಿಟ್ಟು ಕಪಾಟಿನ ಕಡೆಗೆ ಬನ್ನಿ. ವಿಜ್ಞಾನಿಯ ಕೈಯಲ್ಲಿನ ಉಪಕರಣವನ್ನು ಮಾಡಿದವರು ಯಾರು? ಅವರು ತಮ್ಮ ಹೆಸರನ್ನು ಜನರಿಗೆ ಹೇಗೆ ತಿಳಿಸುತ್ತಿದ್ದರು?

ಹದಿನೆಂಟನೆಯ ಶತಮಾನದ ಮೊದಲರ್ಧದ ಲಂಡನ್ನಿನಲ್ಲಿ ಹೆಚ್ಚಿನ ಅಂಗಡಿಗಳಿಗೆ ನಂಬರು ಇರುತ್ತಿರಲಿಲ್ಲ, ತೂಗುಫಲಕ ಇರುತ್ತಿತ್ತು. ಜಾರ್ಜ್ ಆಡಮ್ಸ್ ಎಂಬ ಉಪಕರಣಕಾರನ ಅಂಗಡಿಯ ಗುರುತು 'ಟೈಕೋ ಬ್ರಾಹೆಯ ತಲೆ'. ಖಗೋಳಜ್ಞನ ಮುಖವೇ ಜಾಹೀರಾತು! 1760ರಲ್ಲಿ ಆತ ರಾಜನ ಉಪಕರಣಕಾರನಾದ ಮೇಲೆ ಆ ಬಿರುದೂ ಜಾಹೀರಾತಾಯಿತು. ಡಾಲಂಡ್ ಎಂಬ ಮನೆತನದ ದುರ್ಬೀನಿಗೆ ಎಷ್ಟು ಹೆಸರಿತ್ತೆಂದರೆ, ಒಂದಕ್ಷರ ಬದಲಿಸಿ 'ಡಾಲ್ಯಾಂಡ್' ಎಂದು ಕೊರೆದು ನಕಲಿ ಮಾಲು ಮಾರುವವರು ಹುಟ್ಟಿಕೊಂಡರು. ನಮ್ಮ ಸಂತೆಯಲ್ಲಿ ಸಿಗುವ ಕಂಪನಿ ಹೆಸರಿನ ಚಪ್ಪಲಿ, ವಾಚುಗಳನ್ನು ನೆನೆಸಿಕೊಳ್ಳಿ.

ಇದಕ್ಕಿಂತ ನೂರು ವರ್ಷ ಮೊದಲೇ ಲಾಹೋರಿನಲ್ಲಿ ಇದೇ ವಿದ್ಯೆ ಇತ್ತು. ನಕ್ಷತ್ರಗಳ ಎತ್ತರ ನೋಡಿ ಹೊತ್ತು, ದಿಕ್ಕು ತಿಳಿಯುವ ಹಿತ್ತಾಳೆಯ ಉಪಕರಣಕ್ಕೆ ಅಸ್ತರ್ಲಾಬ್ ಎನ್ನುತ್ತಾರೆ. ಅಲ್ಲಿನ ಉಸ್ತಾದ್ ಶೇಖ್ ಅಲ್ಲಾಹದಾದ್ ಅವರ ಮನೆತನ ನಾಲ್ಕು ತಲೆಮಾರು ಇದನ್ನೇ ಮಾಡಿತು. ಅವರ ಮರಿಮಗ ಜಿಯಾಉದ್ದೀನ್ ಮುಹಮ್ಮದ್ ಹದಿನೇಳನೆಯ ಶತಮಾನದಲ್ಲಿ ಹಿತ್ತಾಳೆಯ ಮೇಲೆ ತನ್ನ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು, ಮುತ್ತಜ್ಜನ ಹೆಸರು, ಜೊತೆಗೆ 'ಹುಮಾಯೂನಿ' ಎಂಬ ಬಿರುದನ್ನು ಕೊರೆಯುತ್ತಿದ್ದ. ಬಾದಶಹ ಹುಮಾಯೂನನ ಹೆಸರಿನ ಬಿರುದು, ಲಂಡನ್ನಿನವನ 'ರಾಜನ ಉಪಕರಣಕಾರ' ಎಂಬ ಮಾತಿನಂತೆಯೇ. ಈ ಮನೆತನ ಬೆಸುಗೆಯಿಲ್ಲದೆ ಒಂದೇ ಎರಕದಲ್ಲಿ ಟೊಳ್ಳು ಆಕಾಶಗೋಳಗಳನ್ನೂ ಮಾಡುತ್ತಿತ್ತು. ಅವರ ಮುಖ ನಮಗೆ ಗೊತ್ತಿಲ್ಲ, ಆದರೆ ಹೆಸರು ಅವರ ಕೈಯಿಂದಲೇ ಕೊರೆದದ್ದು. ನವಲಗುಂದದ ಜಮಖಾನೆ ನೇಯುವ ನಮ್ಮ ಅಕ್ಕತಂಗಿಯರ ಹೆಸರನ್ನು ಯಾವ ಜಮಖಾನೆಯ ಅಂಚಿನಲ್ಲಿ ಓದಿದ್ದೀರಿ? ಕಲಘಟಗಿಯ ತೊಟ್ಟಿಲು ತಂದವರು ಬಣ್ಣ ಹಾಕಿದವರ ಹೆಸರು ಕೇಳಿಕೊಂಡು ಬರುತ್ತಾರೆಯೇ? ಇರಲಿ, ಅದು ಬೇರೆ ಮಾತು.

ಇನ್ನು ನಮ್ಮ ನಾಡಿಗೆ ಬರೋಣ. ಟಿಪ್ಪು ಸುಲ್ತಾನರು ಹುತಾತ್ಮರಾದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಸರಪಳಿ ಹಿಡಿದು ಸುಮಾರು ಏಳೂವರೆ ಮೈಲಿ ನೆಲ ಅಳೆದ. ಇಡೀ ಹಿಂದೂಸ್ತಾನದ ಮಹಾ ಸರ್ವೇಗೆ ಅದು ಪೀಠಿಕೆ. ಕೋನ ಅಳೆಯಲು ಲಂಡನ್ನಿನ ಕ್ಯಾರಿ ಎಂಬಾತ ಮಾಡಿದ ದೊಡ್ಡ ಥಿಯೋಡೊಲೈಟ್ ಬಂತು. ಸುಮಾರು ಅರ್ಧ ಟನ್ ಭಾರದ, ಮೂರು ಅಡಿ ಅಗಲದ ಹಿತ್ತಾಳೆ ಚಕ್ರದ ಯಂತ್ರ. ಲ್ಯಾಂಬ್ಟನ್ನನ ತೈಲಚಿತ್ರವನ್ನು 1822ರಲ್ಲಿ ಹ್ಯಾವೆಲ್ ಬರೆದ, ಅದು ಲಂಡನ್ನಿನಲ್ಲಿದೆ. ಅವನ ನಂತರ ಬಂದ ಎವರೆಸ್ಟ್‌ನ ಚಿತ್ರವನ್ನೂ ನೀವು ನೋಡಿರುತ್ತೀರಿ, ಪರ್ವತಕ್ಕೇ ಅವನ ಹೆಸರಿದೆ.

ಅದೇ ಕಾಲದ ಇನ್ನೊಂದು ಚಿತ್ರ ಸ್ವಲ್ಪ ಬೇರೆ. ಮೈಸೂರು ಸೀಮೆಯ ಸರ್ವೇ ಮಾಡಿದ ಕಾಲಿನ್ ಮೆಕೆಂಜಿಯನ್ನು 1816ರಲ್ಲಿ ಥಾಮಸ್ ಹಿಕಿ ಬರೆದ. ಕೆಂಪು ಸಮವಸ್ತ್ರದ ಸಾಹೇಬನ ಜೊತೆ ಮೂವರು ನಮ್ಮವರಿದ್ದಾರೆ. ಹಿಂದೆ ದೂರದ ಗುಡ್ಡದ ಮೇಲೆ ಗೊಮ್ಮಟ. ಒಬ್ಬರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ, ಇನ್ನೊಬ್ಬರು ಕಾವಲಿ ಲಕ್ಷ್ಮಯ್ಯ, ದುರ್ಬೀನು ಹಿಡಿದವನು ಕೃಷ್ಣಾಜಿ ಎಂಬ ಜವಾನ ಎಂದು ವಿದ್ವಾಂಸರು ಗುರುತಿಸುತ್ತಾರೆ. ಆ ಚಿತ್ರದಲ್ಲಿ ದುರ್ಬೀನು ಇರುವುದು ಜವಾನನ ಕೈಯಲ್ಲಿ ಎಂಬುದನ್ನು ಗಮನಿಸಿ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಚಿತ್ರದಲ್ಲಿ ಇಲ್ಲದ ಒಬ್ಬರ ಬಗ್ಗೆ. ಅವರ ಹೆಸರು ಸಯ್ಯಿದ್ ಮೀರ್ ಮೊಹ್ಸಿನ್ ಹುಸೇನ್. ಆರ್ಕಾಟಿನವರು, ಗಡಿಯಾರ ರಿಪೇರಿ ಅವರ ಕಸುಬು, ಮದರಾಸಿನಲ್ಲಿ ಒಬ್ಬ ಆಭರಣ ವ್ಯಾಪಾರಿಯ ಹತ್ತಿರ ದುಡಿಯುತ್ತಿದ್ದರು. 1824ರಲ್ಲಿ ಸರ್ವೇಯರ್ ಜನರಲ್ ಬ್ಲ್ಯಾಕರ್ ಅವರನ್ನು ಉಪಕರಣ ದುರಸ್ತಿಗೆ ಕಲ್ಕತ್ತಾಗೆ ಕರೆದೊಯ್ದ. ಮುಂದೆ ಎವರೆಸ್ಟ್ ಇಂಗ್ಲೆಂಡಿನಿಂದ ಬ್ಯಾರೋ ಎಂಬ ಉಪಕರಣಕಾರನನ್ನು ತಂದ. 1839ರಲ್ಲಿ ಬ್ಯಾರೋ ಹೋದ ಮೇಲೆ ಆ ನಾಜೂಕಿನ ಕೆಲಸವೆಲ್ಲ ಮೊಹ್ಸಿನ್ ಅವರ ಕೈಗೆ ಬಂತು.

ನಾಜೂಕು ಎಂದರೆ ಎಷ್ಟು? ವಿದ್ಯಾರ್ಥಿಗಳೇ, ನಿಮ್ಮ ಕಂಪಾಸ್ ಪೆಟ್ಟಿಗೆಯ ಕೋನಮಾಪಕದಲ್ಲಿ ಒಂದು ಡಿಗ್ರಿಯ ಗೆರೆಗಳಿವೆ. ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಸೆಕೆಂಡು. ಮೂರು ಅಡಿಯ ಚಕ್ರದ ಅಂಚಿನಲ್ಲಿ ಒಂದು ಸೆಕೆಂಡು ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗ, ತಲೆಗೂದಲಿಗಿಂತ ಎಷ್ಟೋ ಪಟ್ಟು ಸಣ್ಣದು. ಚಕ್ರದ ಮೇಲಿನ ಗೆರೆ ಅಷ್ಟು ಸರಿದರೂ ಐವತ್ತು ಕಿಲೋಮೀಟರ್ ದೂರದ ಗುಡ್ಡದ ಜಾಗ ಒಂದು ಗೇಣು ತಪ್ಪುತ್ತದೆ. ಇಂಥ ಚಕ್ರಗಳನ್ನು ಎವರೆಸ್ಟ್ ಗಡಿಯಾರ ರಿಪೇರಿಯ ಆ ಕೈಗೆ ಒಪ್ಪಿಸಿದ. ಅವರನ್ನೇ ಉಪಕರಣಕಾರರ ಹುದ್ದೆಗೆ ನೇಮಿಸಲು ಕಂಪನಿಯ ನಿರ್ದೇಶಕರು ಸುಲಭಕ್ಕೆ ಒಪ್ಪಲಿಲ್ಲ. ಎವರೆಸ್ಟ್ ಬಿಡಲಿಲ್ಲ. ಕಡೆಗೆ 1843ರಲ್ಲಿ ಆ ಹುದ್ದೆ ದೊರೆಯಿತು. ಮೊಹ್ಸಿನ್ ಅವರು 1864ರಲ್ಲಿ ತೀರಿಕೊಂಡರು.

ಅವರ ಕಥೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಹೇಳಿಬಿಡುತ್ತೇನೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವರಪ್ಪ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಪ್ರಯೋಗಾಲಯದ ತಕ್ಕಡಿ ಬಹಳ ದಿನಗಳಿಂದ ಒಂದು ಕಡೆ ವಾಲಿತ್ತು. ಒಂದು ಮಧ್ಯಾಹ್ನ ನಾನು ಬಂದು ನೋಡಿದರೆ, ಅವನು ತಕ್ಕಡಿಯನ್ನು ಪೂರಾ ಬಿಚ್ಚಿ ಮೇಜಿನ ಮೇಲೆ ಹಾಸಿದ್ದ. ನಾನು ಸಿಟ್ಟಿನಿಂದ ನಾಲ್ಕು ಜನರೆದುರು ಬೈದೆ. "ಇದು ನಿಮ್ಮಪ್ಪನ ಗ್ಯಾರೇಜ್ ಅಲ್ಲ" ಎಂದೆ. ಅವನು ಏನೂ ಮಾತಾಡದೆ ಎಲ್ಲ ಕೂಡಿಸಿಟ್ಟು ಹೋದ. ಮರುದಿನ ತೂಗಿ ನೋಡಿದೆ, ತಕ್ಕಡಿ ಸರಿಯಾಗಿತ್ತು. ಅದನ್ನು ಅವನಿಗೆ ನಾನು ಹೇಳಲಿಲ್ಲ. ಹತ್ತನೆಯ ತರಗತಿಗೆ ಅವನು ಬರಲಿಲ್ಲ.

ಮೇಲೆ ಗೋಡೆಯಲ್ಲಿ ಗೆಲಿಲಿಯೋ ಇದ್ದ. ತನ್ನ ದುರ್ಬೀನಿನ ಗಾಜನ್ನು ತಾನೇ ಉಜ್ಜಿ ಮಾಡಿದವನು. ಅದನ್ನು ನಾನೇ ಪಾಠದಲ್ಲಿ ಹೇಳಿದ್ದೆ.

ನಿಮ್ಮ ಶಾಲೆಗಳ ಕಪಾಟಿನಲ್ಲಿ ಹಳೆಯ ಹಿತ್ತಾಳೆಯ ಸೂಕ್ಷ್ಮದರ್ಶಕ, ದಿಕ್ಸೂಚಿ, ತಕ್ಕಡಿ ಇದ್ದರೆ ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಹಾಕುವ ಮೊದಲು ತಿರುಗಿಸಿ ನೋಡಿ. ತಳದಲ್ಲೋ ಬದಿಯಲ್ಲೋ ಅಂಬಾಲಾದ್ದೋ, ಕಲ್ಕತ್ತಾದ್ದೋ, ಲಂಡನ್ನಿನದ್ದೋ ಹೆಸರು ಕೊರೆದಿರುತ್ತದೆ. ಹಳೆಯ ಬೆಲೆಪಟ್ಟಿಗಳಿದ್ದರೆ ಅವನ್ನೂ ತೆಗೆದಿಡಿ. ಮಕ್ಕಳಿಂದ ಆ ಹೆಸರುಗಳನ್ನು ಒಂದು ವಹಿಯಲ್ಲಿ ಬರೆಸಿ. ಗೋಡೆಯ ಚಿತ್ರದ ಕೆಳಗೆ 'ನೋಡಿ ಬರೆದದ್ದು' ಅಥವಾ 'ಊಹಿಸಿ ಬರೆದದ್ದು' ಎಂದು ಒಂದು ಸಾಲು ಹಾಕಿಸಿ.

ಹೋದ ವರ್ಷ ಆ ಹುಡುಗ ಸಿಕ್ಕ. ಹುಡುಗ ಎನ್ನುವುದು ನನ್ನ ಬಾಯಿರೂಢಿ; ಗಡ್ಡದಲ್ಲಿ ಬಿಳಿಕೂದಲು ಬಂದಿವೆ. ಈಗ ಕಾಳಿನ ಅಂಗಡಿಗಳ, ಅಕ್ಕಸಾಲಿಗರ ತಕ್ಕಡಿ ದುರಸ್ತಿ ಮಾಡುತ್ತಾನೆ. ಕುರ್ಚಿ ಒರೆಸಿ ಕೂಡ್ರಿಸಿ ಚಹಾ ತರಿಸಿದ. ಅಂದಿನ ತಕ್ಕಡಿಯ ಮಾತು ನಾನೇ ತೆಗೆದೆ. "ಅದರ ಅಲಗು ಜಾರಿತ್ರಿ ಸರ್, ಅಷ್ಟ" ಎಂದ. ನಾನು ಮೊಹ್ಸಿನ್ ಹುಸೇನರ ಕಥೆ ಹೇಳಿದೆ. ಕೈಯಲ್ಲಿನ ಕೆಲಸ ನಿಲ್ಲಿಸಿ ಪೂರಾ ಕೇಳಿದ.

"ಅವರ ಫೋಟೊ ಐತೇನ್ರಿ ಸರ್?"

"ನಾನಂತೂ ಎಲ್ಲೂ ನೋಡಿಲ್ಲಪ್ಪ" ಎಂದೆ.

"ಹೆಸರು ಇನ್ನೊಮ್ಮೆ ಹೇಳ್ರಿ" ಎಂದು, ಅಂಗಡಿಯ ಬಿಲ್ ಪುಸ್ತಕದ ಹಿಂದೆ ಬರೆದುಕೊಂಡ.