ಬೆಳೆ ಕಾಯುವ ಕೋವಿ



ಪರಿಸರದ ವೇದಿಕೆಯಲ್ಲಿ ಕೋವಿಯ ಮಾತೇಕೆಂದು ಕೆಲವರು ಕೇಳಿದ್ದೀರಿ. ಹಂದಿ ನುಗ್ಗಿ ಒಂದೇ ರಾತ್ರಿಯಲ್ಲಿ ಗದ್ದೆ ಹಾಳಾಗುವ ಊರಿನಲ್ಲಿ ಕೋವಿಯನ್ನು ಮರೆತು ಕಾಡಿನ ವಿಚಾರ ಆಡುವುದು ಪ್ರಾಮಾಣಿಕವಾಗದು.

ಬೆಳೆರಕ್ಷಣೆಗೆಂದು 1959ರ ಶಸ್ತ್ರಾಸ್ತ್ರ ಕಾಯಿದೆ ಹೇಳುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆಯದಕ್ಕೆ ಪರವಾನಗಿ ದೊರೆಯಬಹುದು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ 2019ರಲ್ಲಿ ಹತ್ತು ವರ್ಷ ಮುಂದುವರಿದ ವಿನಾಯಿತಿಯನ್ನು ಮಲೆನಾಡಿನ ಉಳಿದವರು ತಮ್ಮದೆಂದು ಭಾವಿಸಬಾರದು. ಪರವಾನಗಿ ಬೇಟೆಗೆ ಕೊಟ್ಟ ಅಪ್ಪಣೆಯೂ ಅಲ್ಲ. 1972ರ ವನ್ಯಜೀವಿ ಕಾಯಿದೆ ಅದರ ಮೇಲಿದೆ.

ತೋಟಾ ಕೋವಿಯಂತೆ ಮದ್ದಿನ ಕೋವಿಯ ಈಡನ್ನು ಸುಲಭವಾಗಿ ಹೊರತೆಗೆಯಲಾಗದು. ಆದ್ದರಿಂದಲೇ ಅದು ತುಂಬಿದಂತೆಯೇ ಗೋಡೆಯಲ್ಲಿ ನೇತಾಡುತ್ತಿರುತ್ತದೆ, ಕೆಲವೆಡೆ ಮಕ್ಕಳ ಕೈಗೆಟಕುವಷ್ಟು ಕೆಳಗೆ. ಕಾವಲಿಗೆ ಹೊರಡುವ ಮೊದಲು ತುಂಬಬಾರದು. ಕೇಪನ್ನು ಬೇರೆ ಕಡೆ ಬೀಗ ಹಾಕಿಡಬೇಕು. ಮದ್ದಿನ ಮಸಿ ತೇವ ಹೀರಿ ನಳಿಗೆಯನ್ನು ತಿನ್ನುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಈಡು ಹಾರಿಸಿದ ದಿನವೇ ಬಿಸಿನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಎಣ್ಣೆ ಸವರಬೇಕು. ಹಿಡಿಯ ಮರಕ್ಕೆ ಅಗಸೆ ಎಣ್ಣೆಯನ್ನು ತೆಳ್ಳಗೆ ತಿಕ್ಕಿದರೆ ಸಾಕು, ಹೊಳಪಿನ ವಾರ್ನಿಷ್ ಅನಾವಶ್ಯಕ. ತುಕ್ಕು ತೆಗೆಯುವವರು ಕೋವಿಯ ಸಂಖ್ಯೆಯನ್ನು ಉಜ್ಜಿ ಅಳಿಸಬಾರದು, ಅದು ಅಪರಾಧ.

ಇನ್ನು ಹಂದಿಯ ಜಾಡಿಗೆ ದಾರ ಎಳೆದು ಕೋವಿ ಕಟ್ಟುವವರ ವಿಷಯ. ಆ ದಾರಕ್ಕೆ ಹಂದಿಯ ಕಾಲೂ ಒಂದೇ, ಸೊಪ್ಪಿಗೆ ಹೋದ ಹೆಂಗಸಿನ ಕಾಲೂ ಒಂದೇ. ಎಲ್ಲಿ ಕಟ್ಟಿದ್ದಾರೆಂಬುದು ಊರಿಗೆ ತಿಳಿದಿರುತ್ತದೆ, ಬಾಯಿ ಬಿಡುವವರಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಕಟ್ಟಿದವರ ಹೆಸರು ಹೇಳಲು ಸಂಕೋಚವಾದರೆ ಜಾಡುಗಳ ಹೆಸರನ್ನಾದರೂ ಹೇಳಿರಿ.